ಬುದ್ಧಿ ಮತ್ತು ಚೈತನ್ಯ: ಒಂದು ವಿಮರ್ಶೆ

ಬುದ್ಧಿಯಿದ್ದಲ್ಲಿ ಚೈತನ್ಯವೂ ಇರಲೇಬೇಕೆಂದು ಭಾವಿಸುವುದು ಲೋಕರೂಢಿ. ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದವರಲ್ಲಿ ಸಾಂಖ್ಯರು ಪ್ರಮುಖರು. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಮೇರೆಗೆ ನಿಶ್ಚಯಿಸುವುದು ಬುದ್ಧಿಯ ಧರ್ಮ. ಆದರೆ ಆ ಬುದ್ಧಿಯು ಪ್ರಕೃತಿಯಿಂದ ಹುಟ್ಟಿದುದಾದುದರಿಂದ ಸ್ವತಃ ಜಡ. ಚೈತನ್ಯವಾದರೋ ಪುರುಷನ ಸ್ವರೂಪ. ಅವನು ಸಾಕ್ಷಿಯೇ ಹೊರತು ಕರ್ತೃವಲ್ಲ.

ಈ ವಿಭಾಗವನ್ನು ಪರೀಕ್ಷಿಸಲು ನಮ್ಮ ದಾವಣಗೆರೆಯ ಸಮೀಪದಲ್ಲಿಯೇ ಒಂದು ನಿದರ್ಶನವುಂಟು. ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಪಾಣಿನಿಯ ಸೂತ್ರಗಳನ್ನು ಆಧರಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವನ್ನು ರಚಿಸಿದ್ದಾರೆ. ಸುಮಾರು 4000 ಸೂತ್ರಗಳ ಶಾಸ್ತ್ರದಿಂದ ಶಬ್ದರೂಪಗಳನ್ನು ಸಾಧಿಸುವುದು ಪಂಡಿತನಲ್ಲಿ ಬುದ್ಧಿಯ ಕಾರ್ಯವೆನಿಸುತ್ತದೆ. ಅದನ್ನೇ ಗಣಕವು ಮಾಡಿದಾಗ ಅದಕ್ಕೆ ಅರಿವುಂಟೆಂದು ನಾವು ಹೇಳುವುದಿಲ್ಲ. ಆ ನಿಯಮಗಳ ಹಿಂದೆ ಪಾಣಿನಿಯ ಮತ್ತು ತಂತ್ರಾಂಶಕಾರರ ಅರಿವಿದೆಯಲ್ಲವೆ ಎಂದು ಕೇಳಬಹುದು. ನಿಜ, ಆದರೆ ಅದು ಮೊದಲೇ ನಡೆದುಹೋದ ಅರಿವು, ಕಾರ್ಯಕಾಲದಲ್ಲಿ ಯಂತ್ರದೊಳಗೆ ಇರುವುದಲ್ಲ. ಇಷ್ಟರಮಟ್ಟಿಗೆ ಸಾಂಖ್ಯರ ಪಕ್ಷಕ್ಕೆ ಬಲವುಂಟು.

ಅವರು ದುರ್ಬಲರಾಗುವುದು ಈ ಎರಡನ್ನೂ ಮತ್ತೆ ಕೂಡಿಸುವಾಗ. ಪುರುಷನು ಕುಂಟ, ಪ್ರಕೃತಿಯು ಕುರುಡು. ಇಬ್ಬರೂ ಕೂಡಿ ದಾರಿ ಸಾಗುವರು ಎಂಬುದು ಕಾರಿಕೆಯ ದೃಷ್ಟಾಂತ. ಕುಂಟನು ಮಾತಿನಿಂದಲಾದರೂ ಕುರುಡನನ್ನು ನಡೆಸಬಲ್ಲ, ನಿಷ್ಕ್ರಿಯನಾದ ಪುರುಷನು ಹೇಗೆ ನಡೆಸಿಯಾನು ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಆಕ್ಷೇಪಿಸಿದ್ದಾರೆ. ಕುರುಡನೂ ಚೇತನನೇ ಎಂಬುದನ್ನು ನಾವು ಇದಕ್ಕೆ ಸೇರಿಸಬಹುದು. ಹರಿಹರದ ಮೂರ್ತಿಯನ್ನು ತೋರಿಸಿ, ಒಂದೇ ದೇಹದಲ್ಲಿ ಹರಿಯೂ ಹರನೂ ಇರುವಂತೆ ಬುದ್ಧಿ ಚೈತನ್ಯಗಳೂ ಇರುವುವೆಂದು ಸಮಾಧಾನ ಹೇಳುವುದು ಸುಲಭ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಕೂಡಿರುವವರು ಇಬ್ಬರು ದೇವರು. ಜಡವೂ ಚೇತನವೂ ಅಲ್ಲ. ಉಪಮಾನವು ಪ್ರಮಾಣವಾಗಲಾರದು.

1950ರ ತನ್ನ ಪ್ರಬಂಧದಲ್ಲಿ ಅಲನ್ ಟ್ಯೂರಿಂಗ್ ಈ ತೊಡಕನ್ನು ಬಿಡಿಸಲಿಲ್ಲ, ಬದಿಗಿರಿಸಿದನು. ಚೈತನ್ಯದಲ್ಲಿ ರಹಸ್ಯವಿದೆಯೆಂದು ಒಪ್ಪಿ, ಉತ್ತರಗಳಿಂದಲೇ ಯಂತ್ರದ ಬುದ್ಧಿಯನ್ನು ಅಳೆಯಬಹುದೆಂದನು. ಅವನ ಮಾತನ್ನು ಹಿಡಿದು ಯಂತ್ರಕ್ಕೆ ಅರಿವನ್ನೂ ಆರೋಪಿಸುವವರು ಅವನು ಹೇಳದುದನ್ನು ಹೇಳುತ್ತಾರೆ.

ಅಧ್ಯಾಪಕರಾದ ನಮಗೆ ಇದು ಬರಿಯ ತರ್ಕವಲ್ಲ. ನಮ್ಮ ಪರೀಕ್ಷೆಗಳೂ ಉತ್ತರವನ್ನೇ ಅಳೆಯುತ್ತವೆ. ಪೋಲಾಳ್ವನ ಕಾಲವನ್ನು ಕಂಠಪಾಠದಿಂದ ಬರೆದವನಿಗೂ, ತುಂಗಭದ್ರೆಯ ದಡದಲ್ಲಿ ಆ ಶಾಸನದ ಮುಂದೆ ನಿಂತು ಬೆರಗಾದವನಿಗೂ ಅಂಕ ಒಂದೇ. ಈಗ ಯಂತ್ರವೂ ಪ್ರಬಂಧ ಬರೆಯುತ್ತಿರಲಾಗಿ ಈ ಕೊರತೆ ಮುಚ್ಚಿಡಲಾಗದಂತಾಗಿದೆ. ವಿದ್ಯಾರ್ಥಿಯನ್ನು ಶಾಸನದ ಎದುರಿಗೆ ಕರೆದೊಯ್ದು ಪ್ರಶ್ನಿಸುವುದು ಲೇಸು. ಆಗಲೂ ನಮಗೆ ದೊರೆಯುವುದು ಅವನ ಮಾತೇ. ಅವನ ಅರಿವನ್ನು ನೇರವಾಗಿ ಕಾಣಲಾರೆವು. ಆದರೆ ನಾವು ಕಲಿಸಬೇಕಾದುದು ಉತ್ತರವೊಂದನ್ನೇ ಅಲ್ಲವೆಂಬುದು ಕೇಳುವ ನಮಗಾದರೂ ನೆನಪಿನಲ್ಲಿದ್ದೀತು.