ಬರೆಯದ ಮಾತಿಗೆ ಬೆಲೆ ಎಷ್ಟು?

ವೈಯಕ್ತಿಕ ದ್ವೇಷದಿಂದ ಪೊಲೀಸನೊಬ್ಬ ಯಾರನ್ನೋ ಕೊಂದರೂ ಕೋರ್ಟು ಕೈಕಟ್ಟಿ ಕೂರಬೇಕೇ? ನ್ಯಾಯಮೂರ್ತಿ ಎಚ್.ಆರ್. ಖನ್ನಾ ಹೀಗೆ ಕೇಳಿದಾಗ, ತುರ್ತು ಪರಿಸ್ಥಿತಿ ಇರುವಷ್ಟು ದಿನ ಹೌದು ಎಂಬರ್ಥದ ಉತ್ತರವನ್ನೇ ಅಟಾರ್ನಿ ಜನರಲ್ ನಿರೇನ್ ಡೇ ಕೊಟ್ಟರು. 1976ರ ಏಪ್ರಿಲ್ 28ರಂದು ಹೊರಬಿದ್ದ ಎಡಿಎಂ ಜಬಲ್‌ಪುರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೈಕಿ ನಾಲ್ವರು ಸರ್ಕಾರದ ಪರ ನಿಂತರು. ಬೆಂಗಳೂರಿನಲ್ಲಿ ಸೆರೆಯಲ್ಲಿದ್ದ ಅಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿ ಕೈಗೆತ್ತಿಕೊಂಡ ಕರ್ನಾಟಕ ಹೈಕೋರ್ಟೂ ಸೇರಿ ಒಂಬತ್ತು ಹೈಕೋರ್ಟುಗಳು ಬಂಧಿತರ ಪರವಾಗಿ ಹೇಳಿದ್ದೆಲ್ಲ ಅಂದು ನೀರುಪಾಲಾಯಿತು.

ಬಹುಮತದ ತರ್ಕ ಸರಳ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಇರುವುದು 21ನೇ ವಿಧಿಯಲ್ಲಿ, ಅದರಾಚೆಗಿಲ್ಲ. ಅದನ್ನು ಹಿಡಿದು ಕೋರ್ಟಿಗೆ ಹೋಗುವ ದಾರಿಯನ್ನು ರಾಷ್ಟ್ರಪತಿಗಳು ಮುಚ್ಚಿದ್ದಾರೆ, ಹಾಗಾಗಿ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ನಿಲ್ಲದು. ಖನ್ನಾ ಒಪ್ಪಲಿಲ್ಲ. ಕಾನೂನಿನ ಆಧಾರವಿಲ್ಲದೆ ಒಬ್ಬನ ಜೀವ ತೆಗೆಯಬಾರದೆಂಬುದು ಸಂವಿಧಾನ ಬರೆಯುವ ಮೊದಲೇ ಇದ್ದ ಮಾತು. 21ನೇ ವಿಧಿ ಅದನ್ನು ಹುಟ್ಟಿಸಿದ್ದಲ್ಲ ಎಂಬುದು ಅವರ ಭಿನ್ನ ತೀರ್ಪಿನ ತಿರುಳು.

ಇದೇ ಕೋರ್ಟು ಮೂರು ವರ್ಷ ಹಿಂದೆ ಬರೆಯದ ಮಾತಿಗೆ ಬೆಟ್ಟದಷ್ಟು ಬೆಲೆ ಕೊಟ್ಟಿತ್ತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7-6ರ ಅಂತರದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ತಿದ್ದುಪಡಿಯ ಅಧಿಕಾರ ಕೊಡುವ 368ನೇ ವಿಧಿಯನ್ನು ಎಷ್ಟು ಸಲ ಓದಿದರೂ ಈ ಮಿತಿ ಸಿಗುವುದಿಲ್ಲ. ಆ ಏಳನೆಯ ಮತವೂ ಖನ್ನಾ ಅವರದೇ. (ಆಸ್ತಿ ಹಕ್ಕು ಮೂಲ ಸ್ವರೂಪದ ಭಾಗವಲ್ಲ ಎಂದೂ ಅವರು ಹೇಳಿದ್ದರಿಂದ, ಇತಿಹಾಸದಲ್ಲಿ ಹೆಸರು ಉಳಿದ ಸ್ವಾಮಿಗಳಿಗೆ ಜಮೀನಿನ ಗೆಲುವು ಸಿಗಲಿಲ್ಲ.)

ಹಾಗಾದರೆ 1976ರಲ್ಲಿ ಕೋರ್ಟು ಮನಸ್ಸು ಬದಲಿಸಿತೇ? ನನಗೆ ಹಾಗೆನ್ನಿಸುವುದಿಲ್ಲ. ಬದಲಾಗಿದ್ದು ಪೀಠದಲ್ಲಿ ಕೂತವರು. ಜಬಲ್‌ಪುರದ ಬಹುಮತದಲ್ಲಿದ್ದ ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್ ಮೂವರೂ ಕೇಶವಾನಂದದಲ್ಲಿ ಅಲ್ಪಮತದವರು. ನಾಲ್ಕನೆಯವರಾದ ಭಗವತಿ ಅಂದು ಪೀಠದಲ್ಲೇ ಇರಲಿಲ್ಲ. ರೇ ಮುಖ್ಯ ನ್ಯಾಯಮೂರ್ತಿ ಆದದ್ದು ಕೇಶವಾನಂದ ತೀರ್ಪಿನ ಬೆನ್ನಿಗೇ, ಸರ್ಕಾರದ ವಿರುದ್ಧ ಮತ ಹಾಕಿದ್ದ ಶೆಲಟ್, ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್ ಅವರನ್ನು ಹಿಂದಿಕ್ಕಿ. ಮೂವರೂ ರಾಜೀನಾಮೆ ಕೊಟ್ಟರು. ಹಿರಿಯರೇ ಮುಖ್ಯ ನ್ಯಾಯಮೂರ್ತಿ ಆಗಬೇಕೆಂದು ಸಂವಿಧಾನದಲ್ಲಿ ಬರೆದಿಲ್ಲ, ಅದು ಬರೀ ಪದ್ಧತಿ. ಆ ಪದ್ಧತಿ ಮುರಿದಾಗಲೇ ಜಬಲ್‌ಪುರಕ್ಕೆ ಅರ್ಧ ದಾರಿ ಸವೆದಿತ್ತು. 1977ರ ಜನವರಿಯಲ್ಲಿ ಖನ್ನಾ ಅವರನ್ನೂ ಬಿಟ್ಟು ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ಹುದ್ದೆ ತೊರೆದರು.

ನ್ಯಾಯಾಂಗ ಇದರಿಂದ ಪಾಠ ಕಲಿಯಿತು, ಆದರೆ ಮೊದಲು ತನಗಾಗಿ. ನ್ಯಾಯಮೂರ್ತಿಗಳನ್ನು ನ್ಯಾಯಮೂರ್ತಿಗಳೇ ಆರಿಸುವ ಕೊಲಿಜಿಯಂ ವ್ಯವಸ್ಥೆಯನ್ನು 1993ರಲ್ಲಿ ತೀರ್ಪಿನ ಮೂಲಕವೇ ಕಟ್ಟಿಕೊಂಡಿತು. ಅದನ್ನು ಬದಲಿಸಹೊರಟ 99ನೇ ತಿದ್ದುಪಡಿಯನ್ನು 2015ರಲ್ಲಿ ಮೂಲ ಸ್ವರೂಪದ ಹೆಸರಿನಲ್ಲೇ ಹೊಡೆದುಹಾಕಿತು. ನ್ಯಾಯಾಂಗದ ಸ್ವಾತಂತ್ರ್ಯ ಬೇಕು, ಸರಿ. ಆದರೆ ತನ್ನ ಅಧಿಕಾರದ ಪ್ರಶ್ನೆ ಬಂದಾಗ ಇಷ್ಟು ಗಟ್ಟಿಯಾಗುವ ದನಿ, ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದವರ ಪ್ರಶ್ನೆ ಬಂದಾಗ ಒಬ್ಬರ ದನಿಯಾಗಿ ಮಾತ್ರ ಉಳಿದದ್ದನ್ನು ಮರೆಯಲಾಗದು.

2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ, ಎಲ್ಲಿಯೂ ಹೆಸರಿಸದ ಖಾಸಗಿತನದ ಹಕ್ಕನ್ನು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಎತ್ತಿಹಿಡಿದರು. ಜಬಲ್‌ಪುರವೂ ಅಲ್ಲೇ ರದ್ದಾಯಿತು, ತಂದೆಯ ತೀರ್ಪು ತಪ್ಪೆಂದು ಮಗ ಡಿ.ವೈ. ಚಂದ್ರಚೂಡ್ ಬರೆದರು. ದೊಡ್ಡ ಮಾತೇ. ಆದರೂ ನಾಲ್ಕು ದಶಕ ಕಳೆದ ಮೇಲೆ, ಎದುರಿಗೆ ಒಬ್ಬ ಬಂಧಿತನೂ ಇಲ್ಲದಾಗ ಆಡಿದ ಮಾತದು. ಸಂಸತ್ತು 1978ರಲ್ಲೇ 44ನೇ ತಿದ್ದುಪಡಿ ತಂದು, 20 ಮತ್ತು 21ನೇ ವಿಧಿಗಳ ಜಾರಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದು ಬರೆದಿತ್ತು. ನಾಳೆ ಅಂಥದೇ ಕಾಲ ಬಂದರೆ ಬಂಧಿತನ ವಕೀಲರು ಮೊದಲು ತೆರೆದು ತೋರಿಸುವುದು ಖನ್ನಾ ಅವರ ಭಿನ್ನ ತೀರ್ಪನ್ನಲ್ಲ, 359ನೇ ವಿಧಿಯೊಳಗೆ ಸೇರಿಸಿದ ಆ ಸಾಲನ್ನು.