ಅಪವರ್ತನವೆಂಬ ಮಾತಿನ ಬೆಲೆ

ಮದಲೂರಿನಲ್ಲಿ ಓದುವ ಬಾಲಕನಾಗಲಿ, ಬೆಂಗಳೂರಿನಲ್ಲಿ ಓದುವ ಬಾಲಕನಾಗಲಿ, ಬೀಜಗಣಿತದಲ್ಲಿ ಮೊದಲು ಕಲಿಯುವ ಪಾಠಗಳಲ್ಲಿ ಒಂದು, ಯ² − ರ² ಎಂಬುದರ ಅಪವರ್ತನ. ಮಿಶ್ರಸಂಖ್ಯೆಗಳನ್ನು ಒಪ್ಪಿಕೊಂಡರೆ ಯ² + ರ² ಎಂಬುದನ್ನೂ ಅಪವರ್ತಿಸಬಹುದು. ಆದರೆ ಯ² + ರ² + ಲ² ಎಂಬುದು ಅಲ್ಲಿಯೂ ಒಡೆಯದು. ಕ್ಲಿಫರ್ಡನು 1878ರಲ್ಲಿ ಪ್ರಕಟಿಸಿದ ಬೀಜಗಣಿತದಲ್ಲಿ ಮಾತ್ರ ಅದು (ಚಯ + ಟರ + ಪಲ) ಎಂಬುದರ ವರ್ಗವಾಗುತ್ತದೆ. ಚ, ಟ, ಪ ಇವುಗಳಲ್ಲಿ ಪ್ರತಿಯೊಂದರ ವರ್ಗವೂ 1. ಯಾವ ಎರಡರ ಕ್ರಮವನ್ನು ಬದಲಿಸಿದರೂ ಗುಣಲಬ್ಧದ ಚಿಹ್ನೆ ಬದಲಾಗುತ್ತದೆ. ಡಿರಾಕ್ 1928ರಲ್ಲಿ ಇಲೆಕ್ಟ್ರಾನಿನ ಸಮೀಕರಣವನ್ನು ಪಡೆದದ್ದು ಇದೇ ಬಗೆಯ ಅಪವರ್ತನದಿಂದ.

ಗ್ರಂಥಗಳು ಸಾಮಾನ್ಯವಾಗಿ ಇಷ್ಟನ್ನು ಹೇಳಿ ವಿರಮಿಸುತ್ತವೆ. ನಮಗೆ ಇದು ಸಾಲದು. ಅಪವರ್ತನವು ದೊರೆತುದು ನಿಜ. ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕ ಹಾಕಬೇಡವೆ?

ಮೊದಲನೆಯದಾಗಿ, (1 + ಚ)(1 − ಚ) = 0. ಶೂನ್ಯವಲ್ಲದ ಎರಡು ಪದಗಳ ಗುಣಲಬ್ಧ ಇಲ್ಲಿ ಶೂನ್ಯವಾಗುತ್ತದೆ. ಎರಡನೆಯದಾಗಿ, ಇಂಥ ದೋಷವಿಲ್ಲದ ಹ್ಯಾಮಿಲ್ಟನನ ಕ್ವಾಟರ್ನಿಯನ್ನುಗಳಲ್ಲಿಯೂ ಮೂಲಕ್ಕೂ ಅಪವರ್ತನಕ್ಕೂ ಇರುವ ಹಳೆಯ ನಂಟು ಸಡಿಲಗೊಳ್ಳುತ್ತದೆ. ಅಲ್ಲಿಯ ಮೂರು ಏಕಕಗಳನ್ನು ಇ, ಜ, ಕ ಎನ್ನೋಣ; ಇಜ = ಕ, ಜಇ = −ಕ. ಆಗ (ತ − ಇ)(ತ − ಜ) = ತ² − (ಇ + ಜ)ತ + ಕ. ಸಹಗುಣಕಗಳನ್ನು ಎಡಕ್ಕಿರಿಸಿ ತ = ಜ ಎಂದು ಆದೇಶಿಸಿದರೆ ಶೂನ್ಯ ಬರುತ್ತದೆ; ತ = ಇ ಎಂದರೆ 2ಕ ಬರುತ್ತದೆ. ತ − ಇ ಅಪವರ್ತನವಾಗಿದ್ದರೂ ಇ ಮೂಲವಲ್ಲ! ಇನ್ನು ತ² + 1 ಎಂಬುದಕ್ಕೆ ಮೂಲಗಳು ಎರಡಲ್ಲ, ಅನಂತ. ಗಾರ್ಡನ್ ಮತ್ತು ಮೋಟ್ಸ್‌ಕಿನ್ 1965ರಲ್ಲಿ ತೋರಿಸಿದಂತೆ, ಇಂಥಲ್ಲಿ ಬಹುಪದಿಯ ಮೂಲಗಳು ಒಂದೋ ಅದರ ಘಾತವನ್ನು ಮೀರವು, ಇಲ್ಲವೇ ಅನಂತವಾಗುತ್ತವೆ.

ಆದುದರಿಂದ ಅಪವರ್ತನಕ್ಕಿಂತ ಅದು ನಡೆಯುವ ಬೀಜಗಣಿತದ ರಚನೆಯೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಬಿ. ಎಸ್. ಮಾಧವರಾವ್, ವಿ. ಆರ್. ತಿರುವೆಂಕಟಾಚಾರ್ ಮತ್ತು ಕೆ. ವೆಂಕಟಾಚಲಯ್ಯಂಗಾರ್ ಇವರು 1946ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 3/2 ಭ್ರಮಣದ ಮೂಲಕಣಗಳ ಬೀಜಗಣಿತವನ್ನು ಕುರಿತು ಬರೆದರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಹೋಮಿ ಭಾಭಾ ಇದೇ ಕಾಲದಲ್ಲಿ ಇಂಥ ಕಣಗಳ ಸಮೀಕರಣಗಳನ್ನು ರೂಪಿಸಿದ್ದರು. ಅವುಗಳ ಮಾತೃಕೆಗೆ ವರ್ಗವು 1 ಎಂಬ ಸರಳ ನಿಯಮವಿಲ್ಲ; ಅದು (ತ² − 9/4)(ತ² − 1/4) = 0 ಎಂಬ ಚತುರ್ಘಾತ ಸಮೀಕರಣವನ್ನು ಪಾಲಿಸುತ್ತದೆ. ಈ ಎರಡು ಅಪವರ್ತನಗಳಿಂದಲೇ 1:3 ಪ್ರಮಾಣದಲ್ಲಿ ಎರಡು ದ್ರವ್ಯರಾಶಿಗಳು ಬರುತ್ತವೆ. ವರ್ಗಮೂಲವನ್ನು ತೆಗೆಯುವ ಯುಕ್ತಿಯೊಂದನ್ನೇ ನೆಚ್ಚಿದವನಿಗೆ ಈ ಫಲ ಕಾಣದು.

ಹಾಗೆಂದು ಏಕತೆಯಿಲ್ಲದ ಅಪವರ್ತನವನ್ನು ಬರಿಯ ಕೊರತೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಹೆಗೆಡ್ಯೂಶ್, ಶಿಕೊ, ಶ್ರೋಕರ್ ಇವರು 2013ರಲ್ಲಿ ಚಲನೆಯನ್ನು ಸೂಚಿಸುವ ಬಹುಪದಿಗಳನ್ನು ಒಂದು ಬಗೆಯ ಕ್ಲಿಫರ್ಡ್ ಬೀಜಗಣಿತದಲ್ಲಿ ಅಪವರ್ತಿಸಿದರು. ಅಲ್ಲಿ ಒಂದೊಂದು ಏಕಘಾತ ಅಪವರ್ತನವೂ ಯಂತ್ರದ ಒಂದೊಂದು ತಿರುಗುಕೀಲು. ಮೂರನೆಯ ಘಾತದ ಬಹುಪದಿಗೆ ಸಾಮಾನ್ಯವಾಗಿ ಆರು ಅಪವರ್ತನಗಳು; ಒಂದೇ ಚಲನೆಯನ್ನು ಸಾಧಿಸುವ ಕೀಲುಸರಣಿಗಳೂ ಅಷ್ಟೇ. ಕೊರತೆಯೆಂದು ಕಂಡುದು ಇಲ್ಲಿ ಸಂಪತ್ತಾಗಿದೆ.

ಇನ್ನು ಮುಂದೆ ಈ ವಿಷಯದಲ್ಲಿ ಬರೆಯುವವರು ಮೂರನ್ನು ಸ್ಪಷ್ಟಪಡಿಸಬೇಕೆಂದು ನಾವು ಬಯಸುತ್ತೇವೆ: ಯಾವ ಬೀಜಗಣಿತ, ಆದೇಶ ಯಾವ ಬದಿಯಿಂದ, ಅಪವರ್ತನಗಳು ಎಷ್ಟು. ಇವನ್ನು ಹೇಳದ ಅಪವರ್ತನವು ಅರ್ಧ ಹೇಳಿದ ಮಾತು.