ಜಡಪಾದ ಮತ್ತು ಒತ್ತಡಮಾಪಕ

ದೇಹದ ಅಂಗಾಂಶಗಳ ಮೇಲೆ ಬೀಳುವ ಒತ್ತಡವನ್ನು ಅಳೆಯಲೆಂದು ಕಾಗದದಷ್ಟು ತೆಳುವಾದ ಸಂವೇದಕಗಳನ್ನು ಈಗ ಮಧುಮೇಹಿಗಳ ಪಾದರಕ್ಷೆಗಳಲ್ಲಿಯೂ, ಹಾಸಿಗೆ ಹಿಡಿದ ರೋಗಿಗಳ ಮೈಯಡಿಯಲ್ಲಿಯೂ ಹುದುಗಿಸುತ್ತಿರುವರು. ಇಂತಹ ಸಾಧನಗಳ ಯೋಗ್ಯತೆಯನ್ನು ವಿವೇಚಿಸಹೊರಟವರು, ಯಂತ್ರದ ಸೂಕ್ಷ್ಮತೆಯನ್ನು ಕೊಂಡಾಡುವುದಕ್ಕೆ ಮುನ್ನ, ಡಾ. ಪಾಲ್ ಬ್ರ್ಯಾಂಡ್ ಅವರು ಕೈಗೊಂಡ ಒಂದು ಪ್ರಯತ್ನವನ್ನೂ ಅದು ವಿಫಲವಾದ ಬಗೆಯನ್ನೂ ಅರಿತಿರಬೇಕು.

1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆಗೆ ತಮ್ಮನ್ನು ತೆತ್ತುಕೊಂಡ ಈ ವೈದ್ಯರು, ಆ ರೋಗಿಗಳ ಬೆರಳುಗಳು ಸವೆದುಹೋಗುವುದು ಮಾಂಸ ತಾನಾಗಿ ಕೊಳೆಯುವುದರಿಂದಲ್ಲ, ನರಗಳು ಜಡವಾಗಿ ನೋವಿನ ಎಚ್ಚರಿಕೆಯೇ ಇಲ್ಲವಾಗುವುದರಿಂದ ಎಂಬುದನ್ನು ಲೋಕಕ್ಕೆ ಮನಗಾಣಿಸಿದರು. ಮುಂದೆ ಅಮೆರಿಕದ ಕಾರ್ವಿಲ್ ಕುಷ್ಠಾಲಯದಲ್ಲಿದ್ದಾಗ, ಕಳೆದುಹೋದ ಆ ನೋವನ್ನು ಕೃತಕವಾಗಿ ಮರಳಿಸಬೇಕೆಂದು ಇಂಜಿನಿಯರುಗಳ ನೆರವಿನಿಂದ ಕೈಗವಸಿನಲ್ಲಿ ಸಂವೇದಕಗಳನ್ನು ಅಳವಡಿಸಿದರು. ಒತ್ತಡ ಮಿತಿಮೀರಿದೊಡನೆ ಕಿವಿಯಲ್ಲಿ ಸದ್ದು ಮೊಳಗಿತು, ದೀಪ ಮಿನುಗಿತು; ರೋಗಿ ಲೆಕ್ಕಿಸಲಿಲ್ಲ. ಕಡೆಗೆ, ಸ್ಪರ್ಶಜ್ಞಾನ ಇನ್ನೂ ಉಳಿದಿದ್ದ ಕಂಕುಳಿಗೆ ವಿದ್ಯುದಾಘಾತ ತಗಲುವಂತೆ ಮಾಡಿದಾಗ, ಕೈಯಲ್ಲಿನ ಕೆಲಸ ಮುಗಿಸಲೇಬೇಕೆನಿಸಿದವನು ಯಂತ್ರವನ್ನು ನಿಲ್ಲಿಸಿ, ಕೆಲಸ ಪೂರೈಸಿ, ಮತ್ತೆ ಚಾಲೂ ಮಾಡಿದನು. ಸಂವೇದಕವು ಎಷ್ಟೇ ನಿಷ್ಠೆಯಿಂದ ಅಳೆದರೂ, ಆ ಅಳತೆಯನ್ನು ನಿರಾಕರಿಸುವ ಸ್ವಾತಂತ್ರ್ಯ ರೋಗಿಯ ಕೈಯಲ್ಲಿಯೇ ಉಳಿದಿತ್ತು.

ಅಳತೆಯ ವಿಷಯದಲ್ಲಿಯೂ ನನ್ನ ಆಕ್ಷೇಪಣೆಯುಂಟು. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದ ಲೋಮನಾಳಗಳಲ್ಲಿ ಕಂಡ ಸುಮಾರು 32 ಮಿಲಿಮೀಟರ್ ಪಾದರಸದ ಒತ್ತಡವು, ದಶಕಗಳ ಕಾಲ ಹಾಸಿಗೆಹುಣ್ಣಿಗೆ ಲಕ್ಷ್ಮಣರೇಖೆಯೆಂಬಂತೆ ಅಂಗೀಕೃತವಾಯಿತು. ಆರೋಗ್ಯವಂತನ ಬೆರಳಿಗೆ ಸಂದ ಸಂಖ್ಯೆಯನ್ನು ಕೃಶನಾದ ರೋಗಿಯ ಸೊಂಟದೆಲುಬಿನ ಭಾಗಕ್ಕೆ ಅನ್ವಯಿಸುವುದು ಹೇಗೆ ಯುಕ್ತವಾದೀತು? ಸಂವೇದಕವು ಚರ್ಮದ ಮೇಲಿನದನ್ನು ಬಲ್ಲುದೇ ಹೊರತು, ಎಲುಬಿಗೆ ಆತುಕೊಂಡ ಮಾಂಸ ಅನುಭವಿಸುವ ಅಧಿಕ ಒತ್ತಡವನ್ನು ಅರಿಯದು. ಕಾಲವೂ ಗಣನೆಗೆ ಬರಬೇಕು: ಸಾಧಾರಣ ಒತ್ತಡವೇ ಸಾವಿರಾರು ಬಾರಿ ಮರಳಿ ಮರಳಿ ಬಿದ್ದಾಗ ಇಲಿಯ ಅಂಗಾಲು ಕೆಂಪೇರಿ, ಬಾತು, ಹುಣ್ಣಾಗುವುದನ್ನು ಬ್ರ್ಯಾಂಡರೇ ತೋರಿಸಿದ್ದರು.

ಆದುದರಿಂದ ಒತ್ತಡದೊಡನೆ ಅದರ ಅವಧಿಯನ್ನೂ ಎಣಿಸಿ, ಕೈಗಡಿಯಾರದ ಮೂಲಕ ಎಚ್ಚರಿಸುವ ಪಾದರಕ್ಷೆಯ ಒಳಹಾಸುಗಳನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ಹಿಂದೆ ಹುಣ್ಣಾಗಿದ್ದ ಮಧುಮೇಹಿಗಳ ಪಾದಗಳಲ್ಲಿ ಹುಣ್ಣು ಮರುಕಳಿಸುವುದನ್ನು ಇವು ಗಮನಾರ್ಹವಾಗಿ ತಗ್ಗಿಸಿದುವು, ದಿನಕ್ಕೆ 4.5 ಗಂಟೆಗೆ ಕಡಿಮೆಯಿಲ್ಲದಂತೆ ಧರಿಸಿದವರಲ್ಲಿ ಫಲ ಇನ್ನೂ ಮಿಗಿಲಾಗಿತ್ತು. ಪರೀಕ್ಷೆಗೊಳಗಾದವರು ನೂರು ಮಂದಿಯೂ ಇರಲಿಲ್ಲವಾದ್ದರಿಂದ ಇದನ್ನು ಸಿದ್ಧಾಂತವೆನ್ನಲಾಗದು. ಮೇಲಾಗಿ, ನಡೆಯುವಾಗ ಚರ್ಮವನ್ನು ಅಡ್ಡಲಾಗಿ ಎಳೆಯುವ ಬಲವನ್ನು ಈ ಹಾಸುಗಳು ಅಳೆಯವು, ಹುಣ್ಣೇಳುವುದರಲ್ಲಿ ಅದರ ಪಾಲೂ ಅಲ್ಪವಲ್ಲ.